ಬಾಸ್ಕೆಟ್‌ಬಾಲ್ ಆಡಿಯೇ ಬದುಕಬೇಕೆಂದರೆ: ಕಾಸರಗೋಡಿನ ಹುಡುಗಿಯರಿಗೆ ಒಂದು ದಾರಿ

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಅಮ್ಮಂದಿರು ನನ್ನ ಹತ್ತಿರ ಮೊದಲು ಕೇಳುವುದು ಇಷ್ಟೇ: "ಟೀಚರ್, ಬಾಸ್ಕೆಟ್‌ಬಾಲ್ ಆಡಿದ್ರೆ ಮಗಳಿಗೆ ಮುಂದೆ ಏನುಂಟು?" ಕೇಳಲೇಬೇಕಾದ ಪ್ರಶ್ನೆ. ಉತ್ತರವನ್ನೂ ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಬಾಸ್ಕೆಟ್‌ಬಾಲ್ ಆಡುವ ಹೆಣ್ಣುಮಗಳಿಗೆ ತಿಂಗಳ ಸಂಬಳ ಬರುವುದು ಮುಖ್ಯವಾಗಿ ಇಲಾಖೆ ತಂಡಗಳಿಂದ. ರೈಲ್ವೆ ಇದೆ, ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿ ಇದೆ, ಪೊಲೀಸ್ ಇದೆ. ಕ್ರೀಡಾ ಕೋಟಾದಲ್ಲಿ ಕೆಲಸ ಕೊಡುತ್ತಾರೆ, ಅವರ ತಂಡಕ್ಕೆ ಆಡಿಸುತ್ತಾರೆ. ಕ್ರಿಕೆಟ್ಟಿನ ಹಾಗೆ ಹರಾಜು ಕೂಗಿ ಕೋಟಿ ಕೊಡುವ ಮಹಿಳಾ ಲೀಗ್ ನಮ್ಮಲ್ಲಿಲ್ಲ. ಆದರೆ ಆಟದಿಂದಲೇ ಗಟ್ಟಿ ಕೆಲಸ, ಊರೂರು ತಿರುಗಾಟ, ದೇಶದ ಜೆರ್ಸಿ ಇವೆಲ್ಲ ಸಿಗುವ ದಾರಿ ಖಂಡಿತ ಇದೆ.

ನಾನು ಆ ದಾರಿಯಲ್ಲೇ ಬಂದವಳು. ಕನ್ನಡ ಮೀಡಿಯಂ ಶಾಲೆ, ಸ್ಪೋರ್ಟ್ಸ್ ಹಾಸ್ಟೆಲ್, ಯೂನಿವರ್ಸಿಟಿ ತಂಡ, ಆಮೇಲೆ ಒಂದು ಇಲಾಖೆಯಲ್ಲಿ ಕೆಲಸ. ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಆಟ ನಡೆಸುವವಳು, ಆಗಿದ್ದೆ. ಈಗ ಸಂಜೆ ಹೊತ್ತು ಊರಿನ ಹುಡುಗಿಯರಿಗೆ ಆಟ ಹೇಳಿಕೊಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಕಬಡ್ಡಿ ಯಾರಿಗೆ ಗೊತ್ತಿಲ್ಲ? ಮೊಗ್ರಾಲಿನಲ್ಲಿ ಫುಟ್‌ಬಾಲ್ ಅಂದರೆ ಊರಿಗೆ ಊರೇ ಬರುತ್ತದೆ. ಬಾಸ್ಕೆಟ್‌ಬಾಲ್‌ಗೆ ಮಾತ್ರ ದಾರಿ ಹೇಳುವವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗೆ ಮುಖ್ಯ ಅನ್ನಿಸುವುದು ಎರಡು. ಒಂದು, ಮೊಣಕಾಲು. ಇನ್ನೊಂದು, ಸರ್ಟಿಫಿಕೇಟು ದಾಖಲೆಗಳ ಫೈಲು. ಪ್ರತಿಭೆ ಇದ್ದ ಹುಡುಗಿಯರು ನಡುವಿನಲ್ಲಿ ನಿಂತದ್ದು ನಾನು ನೋಡಿದ ಮಟ್ಟಿಗೆ ಹೆಚ್ಚಾಗಿ ಈ ಎರಡರಿಂದಲೇ.

ಎಷ್ಟು ವಯಸ್ಸಿಗೆ, ಯಾವ ಚೆಂಡಿನಲ್ಲಿ

ಒಂಬತ್ತು ಹತ್ತು ವರ್ಷಕ್ಕೆ ಶುರು ಮಾಡಿದರೆ ಚೆನ್ನ. ಹೈಸ್ಕೂಲಿಗೆ ಬಂದ ಮೇಲೆ ಶುರು ಮಾಡಿ ರಾಜ್ಯ ತಂಡ ಸೇರಿದವರೂ ಇದ್ದಾರೆ, ಹಾಗಾಗಿ ತಡವಾಯಿತು ಅಂತ ಅಳುವುದು ಬೇಡ. ಚಿಕ್ಕ ಮಕ್ಕಳಿಗೆ 5ನೇ ಸೈಜಿನ ಚೆಂಡು. ಹೈಸ್ಕೂಲಿನಿಂದ 6ನೇ ಸೈಜು, ಹೆಂಗಸರ ಪಂದ್ಯಕ್ಕೂ ಅದೇ. ಅಣ್ಣನ 7ನೇ ಸೈಜಿನ ಚೆಂಡು ಮನೆಯಲ್ಲಿ ಬಿದ್ದಿದೆ ಅಂತ ಅದರಲ್ಲೇ ಕಲಿಸಬೇಡಿ. ಅಂಗೈಗೆ ಅದು ದೊಡ್ಡದು. ಎದೆಯಿಂದ ತಳ್ಳಿ ಎಸೆಯುವ ಅಭ್ಯಾಸ ಬೀಳುತ್ತದೆ, ಆಮೇಲೆ ಅದನ್ನು ಬಿಡಿಸುವುದು ಕಷ್ಟ. ರಿಂಗಿನ ಎತ್ತರ ದೊಡ್ಡವರಿಗೆ 3.05 ಮೀಟರ್. ಹನ್ನೆರಡರ ಒಳಗಿನ ಮಕ್ಕಳ ಮಿನಿ ಬಾಸ್ಕೆಟ್‌ಬಾಲ್‌ನಲ್ಲಿ 2.60 ಮೀಟರ್. ಮನೆ ಹತ್ತಿರ ಕಂಬ ನೆಡುವುದಿದ್ದರೆ ಚಿಕ್ಕವರ ಅಳತೆಗೇ ನೆಡಿ, ಮುಂದೆ ಎತ್ತರಿಸಿದರಾಯಿತು.

ಕೋರ್ಟು ಇಲ್ಲ ಅನ್ನುವುದು ನಮ್ಮ ಕಡೆಯ ದೊಡ್ಡ ದೂರು. ನಿಜ. ಆದರೆ ಚೆಂಡು ಕೈಗೆ ಬಗ್ಗುವುದಕ್ಕೆ ಕೋರ್ಟು ಬೇಕಾಗಿಲ್ಲ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಎಷ್ಟು ಮನೆಗಳಲ್ಲಿ ಇದೆ! ಬೆಳಿಗ್ಗೆ ಅಡಿಕೆ ಹರಡುವ ಮೊದಲು ಅರ್ಧ ಗಂಟೆ ನಿನ್ನದು. ಬಲಗೈಯವಳಾದರೆ ಆ ಅರ್ಧ ಗಂಟೆಯನ್ನು ಪೂರ್ತಿ ಎಡಗೈಗೆ ಕೊಡು. ಮೊಣಕಾಲು ಸ್ವಲ್ಪ ಮಡಚಿ, ಕಣ್ಣು ಎದುರಿನ ತೆಂಗಿನ ಮರದ ಮೇಲಿಟ್ಟು, ಚೆಂಡನ್ನು ಸೊಂಟಕ್ಕಿಂತ ಕೆಳಗೇ ಬಡಿಯಬೇಕು. ಚೆಂಡನ್ನು ನೋಡಿದರೆ ಮತ್ತೆ ಮೊದಲಿಂದ. ಮ್ಯಾಚಿನಲ್ಲಿ ನಿನ್ನ ತಂಡಕ್ಕೆ ಚೆಂಡು ಸಿಕ್ಕರೆ ಎಂಟು ಸೆಕೆಂಡಿನೊಳಗೆ ಅರ್ಧ ಕೋರ್ಟು ದಾಟಿಸಬೇಕು, ಇಪ್ಪತ್ನಾಲ್ಕು ಸೆಕೆಂಡಿನೊಳಗೆ ಶಾಟ್ ಹೊಡೆಯಬೇಕು. ಅಷ್ಟರಲ್ಲಿ ನಾಲ್ಕು ಜನ ಜೊತೆಯವರು, ಐದು ಜನ ಎದುರಿನವರು ಎಲ್ಲಿದ್ದಾರೆ ಅಂತ ನೋಡಬೇಕು. ಚೆಂಡು ನೋಡಲು ಹೊತ್ತೆಲ್ಲಿ?

ಲೇ-ಅಪ್, ಅಂದರೆ ರಿಂಗಿನ ಹತ್ತಿರ ಓಡಿ ಬಂದು ಜಿಗಿದು ಚೆಂಡು ಹಾಕುವುದು, ಎರಡೂ ಕೈಯಿಂದ ಬರಲೇಬೇಕು. ಬಲಗೈಗೆ ಬಲ ಹೆಜ್ಜೆ, ಎಡ ಹೆಜ್ಜೆ, ಎಡಗಾಲಲ್ಲಿ ಜಿಗಿತ. ಎಡಗೈಗೆ ಅದೇ ತಿರುಗಮುರುಗ. ಚೆಂಡಿಲ್ಲದೆ ಬರೇ ಹೆಜ್ಜೆಯನ್ನು ಅಂಗಳದಲ್ಲಿ ನಡೆದು ಕಲಿ, ಆಮೇಲೆ ಓಡಿ ಕಲಿ. ಜಿಲ್ಲಾ ಮಟ್ಟದ ಟ್ರಯಲ್ಸಿನಲ್ಲಿ ಎಡಗೈ ಲೇ-ಅಪ್ ಸಲೀಸಾಗಿ ಹಾಕುವ ಹುಡುಗಿ ಕೋಚಿನ ಕಣ್ಣಿಗೆ ತಕ್ಷಣ ಬೀಳುತ್ತಾಳೆ, ಯಾಕೆಂದರೆ ಅಂಥವರು ಅಷ್ಟು ಕಡಿಮೆ.

ಇನ್ನು ಮಳೆ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ಹೊರಗಿನ ಕೋರ್ಟುಗಳಲ್ಲಿ ಪಾಚಿ. ಅದರ ಮೇಲೆ ಆಡಿಸುವುದು ಬೇಡವೇ ಬೇಡ. ಆ ತಿಂಗಳುಗಳನ್ನು ಶಾಲೆಯ ಜಗಲಿಯಲ್ಲಿ ಪಾಸಿಂಗ್, ಮೆಟ್ಟಿಲು, ಸ್ಕ್ವಾಟ್, ಹಗ್ಗದಾಟ, ಗೋಡೆಗೆ ಎಸೆದು ಹಿಡಿಯುವುದಕ್ಕೆ ಇಡು. ಸಮಸ್ಯೆ ಏನೆಂದರೆ ಶಾಲಾ ಪಂದ್ಯಗಳು ಬರುವುದು ಮಳೆಯ ಬೆನ್ನಿಗೇ. ಜುಲೈಯಲ್ಲಿ ಸುಮ್ನೆ ಕೂತವಳಿಗೆ ಸೆಲೆಕ್ಷನ್ ಹೊತ್ತಿಗೆ ಎರಡು ಕ್ವಾರ್ಟರ್, ಅಂದರೆ ಅರ್ಧ ಮ್ಯಾಚು, ಓಡುವಷ್ಟರಲ್ಲಿ ಉಸಿರು ಕಟ್ಟುತ್ತದೆ.

ಎತ್ತರದ ಮಾತು

"ಅವಳು ಗಿಡ್ಡ, ಅವಳಿಗಾಗಲಿಕ್ಕಿಲ್ಲ" ಅನ್ನುವ ಮಾತು ನನಗೆ ಬಹಳ ಬೇಸರ ತರುತ್ತದೆ. ಎತ್ತರ ಬೇಕು, ಇಲ್ಲ ಅನ್ನುವುದಿಲ್ಲ. ರಿಂಗಿನ ಕೆಳಗೆ ಆಡುವ ಸೆಂಟರ್‌ಗೆ ಅದು ದೊಡ್ಡ ಆಸ್ತಿ. ಭಾರತ ತಂಡಕ್ಕೆ ಆಡಿದ ಕೋಟ್ಟಯಂ ಕಡೆಯ ಗೀತು ಅನ್ನ ಜೋಸ್ ಆರಡಿ ಎರಡಿಂಚು ಎತ್ತರದವರು. ಆದರೆ ತಂಡದಲ್ಲಿ ಐದು ಜಾಗಗಳಿವೆ. ಚೆಂಡು ತರುವ ಗಾರ್ಡಿಗೆ ಬೇಕಾದದ್ದು ಕೈ, ಕಣ್ಣು, ಕಾಲಿನ ಚುರುಕು, ಮತ್ತೆ ದೂರದಿಂದ ಶಾಟ್. ಮೂರು ಅಂಕದ ಗೆರೆ 6.75 ಮೀಟರ್ ದೂರ. ಅಲ್ಲಿಂದ ನಂಬಿಕೆಯಿಂದ ಹಾಕುವ ಐದಡಿ ಮೂರಿಂಚಿನ ಹುಡುಗಿಯನ್ನು ಯಾವ ತಂಡವೂ ಬಿಡುವುದಿಲ್ಲ. ಎತ್ತರದ ಹುಡುಗಿಗೂ ಒಂದು ಮಾತು: ಶಾಲೆಯಲ್ಲಿ ನೀನೇ ಎತ್ತರ ಅಂತ ನಿನ್ನನ್ನು ರಿಂಗಿನ ಕೆಳಗೇ ನಿಲ್ಲಿಸಿಬಿಡುತ್ತಾರೆ. ರಾಷ್ಟ್ರೀಯ ಕ್ಯಾಂಪಿಗೆ ಹೋದಾಗ ನಿನಗಿಂತ ಎತ್ತರದವರು ಸಾಲಾಗಿ ನಿಂತಿರುತ್ತಾರೆ. ಆಗ ಡ್ರಿಬಲ್ (ಚೆಂಡು ಬಡಿಯುತ್ತಾ ಸಾಗುವುದು) ಬಾರದಿದ್ದರೆ ಕಷ್ಟ. ಹಾಗಾಗಿ ಎಲ್ಲರೂ ಎಲ್ಲವನ್ನೂ ಕಲಿಯಲಿ.

ಮೊಣಕಾಲು

ಇದನ್ನು ನಿಧಾನವಾಗಿ ಓದು. ಮೊಣಕಾಲಿನ ಒಳಗೆ ಎಸಿಎಲ್ ಎಂಬ ಲಿಗಮೆಂಟ್ ಇದೆ. ಓಡುತ್ತಾ ಸರಕ್ಕನೆ ತಿರುಗಿದಾಗ, ಜಿಗಿದು ಒಂದೇ ಕಾಲಲ್ಲಿ ಇಳಿದಾಗ ಅದು ಹರಿಯುವುದುಂಟು. ಯಾರೂ ಮುಟ್ಟಬೇಕಂತಲೂ ಇಲ್ಲ. ಗಂಡುಮಕ್ಕಳಿಗಿಂತ ಹುಡುಗಿಯರಲ್ಲಿ ಈ ಗಾಯ ಜಾಸ್ತಿ, ಅದರಲ್ಲೂ ಹೈಸ್ಕೂಲು, ಪ್ಲಸ್ ಟು ವಯಸ್ಸಿನಲ್ಲಿ. ಆಪರೇಷನ್ ಆದರೆ ಮತ್ತೆ ಮ್ಯಾಚಿಗೆ ಇಳಿಯಲು ಒಂಬತ್ತು ತಿಂಗಳಿಂದ ಒಂದು ವರ್ಷ. ಒಂದು ವರ್ಷ ಹೋಯಿತೆಂದರೆ ಒಂದು ವಯೋಮಿತಿಯ ತಂಡವೇ ಹೋದಂತೆ.

ತಪ್ಪಿಸುವುದು ಹೇಗೆ? ಇಳಿಯುವುದನ್ನು ಕಲಿತು. ಜಿಗಿಯುವುದನ್ನು ಎಲ್ಲರೂ ಕಲಿಸುತ್ತಾರೆ, ಇಳಿಯುವುದನ್ನು ಕಲಿಸುವವರು ಕಡಿಮೆ. ಒಂದು ಮೆಟ್ಟಿಲಿನ ಮೇಲೆ ನಿಲ್ಲು. ಕೆಳಗೆ ಹಾರು. ಪಾದದ ಮುಂಭಾಗ ಮೊದಲು ತಾಗಲಿ, ಆಮೇಲೆ ಹಿಮ್ಮಡಿ. ಇಳಿದ ಕೂಡಲೇ ಮೊಣಕಾಲು ಮಡಚಬೇಕು, ಸೊಂಟ ಹಿಂದಕ್ಕೆ ಹೋಗಬೇಕು, ಎದೆ ಸ್ವಲ್ಪ ಮುಂದೆ. ಈಗ ಕೆಳಗೆ ನೋಡು. ಎರಡು ಮೊಣಕಾಲೂ ಕಾಲ್ಬೆರಳುಗಳ ನೇರಕ್ಕೆ ಇವೆಯಾ? ಒಳಗೆ ವಾಲಿ ಒಂದಕ್ಕೊಂದು ಹತ್ತಿರ ಬಂದಿವೆಯಾ? ವಾಲಿದ್ದರೆ ಅಪಾಯ ಅಲ್ಲೇ ಇದೆ. ತಂಗಿಯ ಕೈಯಲ್ಲಿ ಫೋನ್ ಕೊಟ್ಟು ಎದುರಿನಿಂದ ಸ್ಲೋ ಮೋಷನ್ ವಿಡಿಯೋ ತೆಗೆಸು. ನಿನಗೇ ಕಾಣುತ್ತದೆ. ಇನ್ನೊಂದು ಪರೀಕ್ಷೆ ಕಿವಿಯದ್ದು: ಇಳಿದಾಗ ಧಡ್ ಅಂತ ಸದ್ದು ಬರಬಾರದು. ಸದ್ದು ಕಡಿಮೆಯಾದಷ್ಟೂ ಮೊಣಕಾಲಿಗೆ ಏಟು ಕಡಿಮೆ.

ಎರಡು ಕಾಲಲ್ಲಿ ಸರಿಯಾದ ಮೇಲೆ ಒಂದು ಕಾಲು. ಆಮೇಲೆ ಇಳಿದು ಬಲಕ್ಕೆ ತಿರುಗುವುದು, ಎಡಕ್ಕೆ ತಿರುಗುವುದು. ಜೊತೆಗೆ ತೊಡೆಯ ಹಿಂಭಾಗಕ್ಕೆ ಬಲ ಬರಿಸುವ ವ್ಯಾಯಾಮ: ಚಾಪೆಯ ಮೇಲೆ ಮಂಡಿಯೂರಿ ನೆಟ್ಟಗೆ ನಿಲ್ಲು, ಗೆಳತಿ ನಿನ್ನ ಹಿಮ್ಮಡಿ ಒತ್ತಿ ಹಿಡಿಯಲಿ, ನೀನು ಬೆನ್ನು ನೆಟ್ಟಗಿಟ್ಟು ನಿಧಾನವಾಗಿ ಮುಂದಕ್ಕೆ ವಾಲು, ತಡೆಯಲಾಗದಾಗ ಕೈ ಊರು. ಮೊದಲ ವಾರ ತೊಡೆ ನೋಯುತ್ತದೆ, ಹೆದರಬೇಡ. ಇದೆಲ್ಲ ಸೇರಿ ಕಾಲು ಗಂಟೆಯ ಕೆಲಸ. ಪ್ರ್ಯಾಕ್ಟೀಸಿಗೆ ಮುಂಚೆ, ವಾರಕ್ಕೆ ಎರಡು ಮೂರು ಸಲವಾದರೂ, ಬಿಡದೆ ಮಾಡಿದ ತಂಡಗಳಲ್ಲಿ ಈ ಗಾಯ ಎದ್ದು ಕಾಣುವಷ್ಟು ಕಡಿಮೆ. ನನ್ನ ಮಕ್ಕಳಿಗೆ ಇದು ಆಗದೆ ಚೆಂಡು ಕೊಡುವುದಿಲ್ಲ. ಮೊಣಕಾಲಲ್ಲಿ "ಟಪ್" ಅಂದು ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ತಿಕ್ಕಿಸಿ ಎಣ್ಣೆ ಹಚ್ಚಿಸಿ ಕೂರಿಸಬೇಡಿ. ಐಸ್ ಇಟ್ಟು, ಮಂಗಳೂರಿಗೋ ಕಣ್ಣೂರಿಗೋ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಊಟ, ಮುಟ್ಟು, ಬಟ್ಟೆ

ಪುಡಿ ಡಬ್ಬಿಗಳಿಗೆ ದುಡ್ಡು ಸುರಿಯುವ ಅಗತ್ಯ ಶಾಲೆ ಹುಡುಗಿಗೆ ಇಲ್ಲ. ಕುಚ್ಚಲಕ್ಕಿ ಅನ್ನ, ಬೂತಾಯಿ ಬಂಗುಡೆ, ಮೊಟ್ಟೆ, ಹುರುಳಿ, ಕಡ್ಲೆ, ನುಗ್ಗೆ ಸೊಪ್ಪು, ಬಾಳೆಹಣ್ಣು. ಸಸ್ಯಾಹಾರಿ ಮನೆಯವರು ಬೇಳೆಕಾಳು, ಹಾಲು ಮೊಸರು ಜಾಸ್ತಿ ಮಾಡಿ. ಪ್ರಮಾಣ ಮಾತ್ರ ಆಡದವಳಿಗಿಂತ ಹೆಚ್ಚು ಬೇಕು. ಊಟದ ಬೆನ್ನಿಗೇ ಚಹಾ ಕುಡಿದರೆ ಊಟದ ಕಬ್ಬಿಣಾಂಶ ಮೈಗೆ ಸರಿಯಾಗಿ ಹಿಡಿಯುವುದಿಲ್ಲ, ಅದನ್ನು ಒಂದು ಗಂಟೆ ಮುಂದೂಡಿ. ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ನೋಡಿಸಿ. ಸೋಮಾರಿ ಅಂತ ಬೈಸಿಕೊಳ್ಳುವ ಎಷ್ಟೋ ಹುಡುಗಿಯರಿಗೆ ಇರುವುದು ರಕ್ತಹೀನತೆ.

ಮುಟ್ಟಿನ ದಿನ ಆಡಬಹುದು. ನೋವಿದ್ದರೆ ಕೋಚಿಗೆ ಹೇಳಿ ಕಡಿಮೆ ಆಡು. ಗಂಡು ಕೋಚ್ ಆದರೂ ಹೇಳು, ನಾಚಿಕೆ ಪಡುವ ವಿಷಯವಲ್ಲ. ಆದರೆ ಮೂರ್ನಾಲ್ಕು ತಿಂಗಳು ಮುಟ್ಟು ನಿಂತೇ ಹೋದರೆ "ಆಟ ಆಡ್ತಾಳಲ್ವಾ, ಹಾಗೇ" ಅಂತ ಬಿಡಬೇಡಿ. ಆಡುವಷ್ಟು ಊಟ ಸಾಲುತ್ತಿಲ್ಲ ಎಂಬ ಸೂಚನೆ ಅದಾಗಿರಬಹುದು. ಡಾಕ್ಟರಿಗೆ ತೋರಿಸಿ.

ಬಟ್ಟೆಯ ವಿಷಯಕ್ಕೆ ಎಷ್ಟೋ ಹುಡುಗಿಯರು ಏಳನೇ ಕ್ಲಾಸಿಗೇ ಆಟ ನಿಲ್ಲಿಸಿದ್ದಾರೆ. ಉಪ್ಪಳ, ಕುಂಬಳೆ ಕಡೆಯ ಉಮ್ಮಂದಿರಿಗೆ ನಾನು ಹೇಳುವುದು ಇದು: ಅಂತಾರಾಷ್ಟ್ರೀಯ ಸಂಸ್ಥೆ ಫೀಬಾ 2017ರಲ್ಲಿ ನಿಯಮ ಬದಲಾಯಿಸಿ ತಲೆವಸ್ತ್ರಕ್ಕೆ ಅವಕಾಶ ಕೊಟ್ಟಿದೆ. ಬಿಗಿಯಾಗಿ ಕೂರಬೇಕು, ಪಿನ್ನು ಗಿನ್ನು ಇರಬಾರದು, ಬಣ್ಣ ತಂಡದ ಎಲ್ಲರದ್ದೂ ಒಂದೇ ಇರಬೇಕು. ಚಡ್ಡಿಯ ಕೆಳಗೆ ಕಾಲು ಮುಚ್ಚುವ ಟೈಟ್ಸ್, ಕೈಗೆ ಸ್ಲೀವ್ ಹಾಕಬಹುದು. ಯಾರಾದರೂ ಆಗುವುದಿಲ್ಲ ಎಂದರೆ ನಿಯಮ ಪುಸ್ತಕ ತೋರಿಸಿ ಕೇಳಿ. ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ಶೂ ಮತ್ತು ಒಳ್ಳೆಯ ಸ್ಪೋರ್ಟ್ಸ್ ಬ್ರಾಗೆ ಮಾಡಿ, ಜೆರ್ಸಿಯ ಹೆಸರು ನಂಬರು ಆಮೇಲೆ.

ಬಾಗಿಲುಗಳು ವಯಸ್ಸಿನ ಪ್ರಕಾರ ತೆರೆಯುತ್ತವೆ

ಶಾಲೆಯ ದಾರಿ ಹೀಗೆ: ಉಪಜಿಲ್ಲೆ, ಕಂದಾಯ ಜಿಲ್ಲೆ, ರಾಜ್ಯ, ಆಮೇಲೆ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. 14, 17, 19 ವರ್ಷದೊಳಗೆ ಎಂಬ ಮೂರು ವಿಭಾಗ. ಇದರ ಪಕ್ಕದಲ್ಲೇ ಇನ್ನೊಂದು ದಾರಿ, ಅಸೋಸಿಯೇಷನ್ನಿನದ್ದು. ಜಿಲ್ಲಾ ಅಸೋಸಿಯೇಷನ್, ರಾಜ್ಯ ಅಸೋಸಿಯೇಷನ್, ಮೇಲೆ ಬಾಸ್ಕೆಟ್‌ಬಾಲ್ ಫೆಡರೇಷನ್ ಆಫ್ ಇಂಡಿಯಾ. ಅಲ್ಲಿ ಸಬ್ ಜೂನಿಯರ್, 16ರೊಳಗಿನ ಯೂತ್, 18ರೊಳಗಿನ ಜೂನಿಯರ್, ಸೀನಿಯರ್ ಅಂತ ವಿಭಾಗ. ಎರಡು ದಾರಿಯಲ್ಲೂ ನಡೆಯಬೇಕು. ಶಾಲೆಯಿಂದ ಮಾತ್ರ ಆಡಿ, ಅಸೋಸಿಯೇಷನ್ನಿನ ಸೆಲೆಕ್ಷನ್ ಯಾವಾಗ ಅಂತಲೇ ಗೊತ್ತಿಲ್ಲದ ಹುಡುಗಿಯರು ನಮ್ಮಲ್ಲಿ ತುಂಬಾ. ಜಿಲ್ಲಾ ಸ್ಪೋರ್ಟ್ಸ್ ಕೌನ್ಸಿಲ್ ಆಫೀಸಿಗೆ ಹೋಗಿ ಕೇಳಿ.

ನಮ್ಮಂಥವರಿಗೆ ನಿಜವಾದ ತಿರುವು ಸ್ಪೋರ್ಟ್ಸ್ ಹಾಸ್ಟೆಲ್. ಕೇರಳ ಸ್ಟೇಟ್ ಸ್ಪೋರ್ಟ್ಸ್ ಕೌನ್ಸಿಲ್ ಹೈಸ್ಕೂಲು, ಪ್ಲಸ್ ವನ್, ಡಿಗ್ರಿ ಹಂತದ ಹಾಸ್ಟೆಲುಗಳಿಗೆ ಆಯ್ಕೆ ನಡೆಸುತ್ತದೆ. ಕಣ್ಣೂರಿನ ಹುಡುಗಿಯರ ಸ್ಪೋರ್ಟ್ಸ್ ಶಾಲೆ, ತಿರುವನಂತಪುರದ ಜಿ.ವಿ. ರಾಜಾ ಶಾಲೆ ಹೆಸರಾದವು. ಡಿಗ್ರಿಗೆ ಚಂಗನಾಶ್ಶೇರಿಯ ಅಸಂಪ್ಷನ್ ಕಾಲೇಜು ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್‌ಗೆ ಹೆಸರುವಾಸಿ. ಹಾಸ್ಟೆಲ್ ಅಂದರೆ ಬೆಳಿಗ್ಗೆ ಸಂಜೆ ಕೋಚ್, ಊಟ, ಜೊತೆಗೆ ಆಡಲು ನಿನ್ನಷ್ಟೇ ಆಸೆ ಇರುವ ಹುಡುಗಿಯರು. ಮನೆಯಲ್ಲಿದ್ದುಕೊಂಡು ಅದನ್ನು ಕಟ್ಟುವುದು ಅಸಾಧ್ಯವಲ್ಲ, ಆದರೆ ಬಹಳ ಕಷ್ಟ.

ಕನ್ನಡ ಮೀಡಿಯಂ ಮಕ್ಕಳಿಗೆ ಅಲ್ಲಿ ಒಂದು ಹೆದರಿಕೆ ಇರುತ್ತದೆ, ಮಲಯಾಳ. ಮಾತು ನಮಗೆ ಹೇಗೂ ಬರುತ್ತದೆ, ಬಸ್ಸಿನಲ್ಲಿ ಪೇಟೆಯಲ್ಲಿ ಕಲಿತಿರುತ್ತೇವೆ. ಓದುವುದು ಬರೆಯುವುದು ಬರುವುದಿಲ್ಲ. ಏಳನೇ ಕ್ಲಾಸಿನ ದೊಡ್ಡ ರಜೆಯಲ್ಲಿ ಅಕ್ಷರ ಕಲಿತುಬಿಡು. ಸುತ್ತೋಲೆ, ಅರ್ಜಿ, ಹಾಸ್ಟೆಲ್ ನೋಟೀಸ್ ಎಲ್ಲ ಅದರಲ್ಲೇ ಬರುತ್ತವೆ. ಬೇರೆಯವರು ಓದಿ ಹೇಳಲಿ ಅಂತ ಕಾದರೆ ಕೊನೆಯ ದಿನಾಂಕ ದಾಟಿರುತ್ತದೆ.

ಇನ್ನು ರಾಜ್ಯದ ಗಡಿ ತಲಪಾಡಿಯ ಆಚೆ ಈಚೆ ಎಂಬ ನಮ್ಮ ಊರಿನದ್ದೇ ಪ್ರಶ್ನೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಮಂಗಳೂರಿಗೆ ಹೋಗಿ ಪಿಯುಸಿ ಸೇರುವವರು ಬಹಳ. ಓದಿಗೆ ಅದು ಒಳ್ಳೆಯದೇ ಇರಬಹುದು. ಆಟದ ಲೆಕ್ಕ ಬೇರೆ. ಆಚೆ ಹೋದರೆ ಶಾಲಾ ಕೂಟದಲ್ಲಿ ನೀನು ಕರ್ನಾಟಕದವಳು. ಅಸೋಸಿಯೇಷನ್ ಬದಲಾಯಿಸಲು ಹಿಂದಿನ ರಾಜ್ಯದ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲ ಎಂಬ ಪತ್ರ ಬೇಕು. ಮುಂದೆ ಕ್ರೀಡಾ ಕೋಟಾ ಅರ್ಜಿ ಹಾಕುವಾಗ ಯಾವ ರಾಜ್ಯದ ಪರವಾಗಿ ಆಡಿದ್ದೆ ಎಂಬ ಪ್ರಶ್ನೆ ಬರುತ್ತದೆ. ಕೇರಳ ಸರ್ಕಾರ ಕ್ರೀಡಾಪಟುಗಳಿಗೆ ವರ್ಷಕ್ಕೆ 50 ಕೆಲಸ ಮೀಸಲಿಡುತ್ತದೆ. ಪ್ಲಸ್ ವನ್‌ಗೂ ಇಲ್ಲಿ ಕ್ರೀಡಾ ಕೋಟಾ ಇದೆ, ಅದಕ್ಕೆ ಮೊದಲು ಜಿಲ್ಲಾ ಸ್ಪೋರ್ಟ್ಸ್ ಕೌನ್ಸಿಲ್‌ನಲ್ಲಿ ಸರ್ಟಿಫಿಕೇಟ್ ಪರಿಶೀಲನೆ ಮಾಡಿಸಿಕೊಳ್ಳಬೇಕು. ನನ್ನ ಅಭಿಪ್ರಾಯ ಕೇಳಿದರೆ, ಕೇರಳದ ಸಬ್ ಜೂನಿಯರ್ ಅಥವಾ ಯೂತ್ ತಂಡದಲ್ಲಿ ಈಗಾಗಲೇ ಹೆಸರು ಬಂದಿದ್ದರೆ ಗಡಿ ದಾಟಬೇಡ. ಏನೂ ಬಂದಿಲ್ಲ, ಆಚೆ ಒಳ್ಳೆಯ ಕೋಚ್ ಇದ್ದಾರೆ ಅಂದರೆ ಯೋಚಿಸು.

ಫೈಲು

ನನಗೆ ಗೊತ್ತಿರುವ ಒಬ್ಬ ಹುಡುಗಿ ರಾಜ್ಯ ತಂಡಕ್ಕೆ ಆಡಿದವಳು. ಕೆಲಸದ ಅರ್ಜಿಯ ಹೊತ್ತಿಗೆ ಸರ್ಟಿಫಿಕೇಟಿನಲ್ಲಿ ಒಂದು ಇನಿಷಿಯಲ್, ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇನ್ನೊಂದು. ಕನ್ನಡದಲ್ಲಿ ಬರೆದ ಹೆಸರನ್ನು ಆಫೀಸಿನಲ್ಲಿ ಕೂತವರು ಮಲಯಾಳದ ಉಚ್ಚಾರಕ್ಕೆ ತಕ್ಕ ಹಾಗೆ ಇಂಗ್ಲಿಷಿನಲ್ಲಿ ಬರೆದಿದ್ದರು. ಸರಿಮಾಡಿಸುವಷ್ಟರಲ್ಲಿ ಆ ವರ್ಷದ ಆಯ್ಕೆ ಮುಗಿದಿತ್ತು. ನಮ್ಮ ಗಡಿ ಮಕ್ಕಳಿಗೆ ಇದು ಹೊಸ ಕಥೆಯಲ್ಲ.

ಹಾಗಾಗಿ ಐದನೇ ಕ್ಲಾಸಿನಲ್ಲಿ ಮೊದಲ ಪಂದ್ಯ ಆಡಿದ ದಿನವೇ ಒಂದು ಪ್ಲಾಸ್ಟಿಕ್ ಫೈಲು ತೆಗೆದುಕೊಳ್ಳಿ. ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಮೂರರಲ್ಲೂ ಹೆಸರು, ಇನಿಷಿಯಲ್, ಹುಟ್ಟಿದ ದಿನ ಅಕ್ಷರಶಃ ಒಂದೇ ಇರಲಿ. ಇಲ್ಲದಿದ್ದರೆ ಈಗಲೇ ಸರ್ಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರಕ್ಕೂ ಪಂಚಾಯತಿಗೂ ಹೋಗಿ ಸರಿಮಾಡಿಸಿ. ವಯೋಮಿತಿ ಕೂಟಗಳಲ್ಲಿ ಹುಟ್ಟಿದ ದಿನ ನೋಡುತ್ತಾರೆ, ಮತ್ತೆ ಮತ್ತೆ ನೋಡುತ್ತಾರೆ. ಒಂದೆರಡು ವರ್ಷ ಕಡಿಮೆ ತೋರಿಸೋಣ ಅನ್ನುವವರ ಮಾತು ಕೇಳಬೇಡಿ. ಸಿಕ್ಕಿಬಿದ್ದರೆ ಆಟವೇ ಹೋಗುತ್ತದೆ.

ಪ್ರತಿ ಕೂಟದ ಸರ್ಟಿಫಿಕೇಟನ್ನು ಕೈಗೆ ಬಂದ ಕೂಡಲೇ ಓದಿ: ಹೆಸರು, ಕೂಟದ ಪೂರ್ತಿ ಹೆಸರು, ವಿಭಾಗ, ಊರು, ದಿನಾಂಕ, ಸ್ಥಾನ, ಸಹಿ, ಸೀಲು. ತಪ್ಪಿದ್ದರೆ ಕೂಟ ಮುಗಿದು ಬಸ್ಸು ಹತ್ತುವ ಮೊದಲೇ ಹೇಳಿ. ಕೇಂದ್ರ ಸರ್ಕಾರದ ಕೆಲಸಗಳಿಗೆ ಸಾಧಾರಣ ಸರ್ಟಿಫಿಕೇಟು ಸಾಲುವುದಿಲ್ಲ, ಅದಕ್ಕೆ ಗೊತ್ತಾದ ನಮೂನೆಗಳಿವೆ. ಅಂತಾರಾಷ್ಟ್ರೀಯ ಪಂದ್ಯಕ್ಕೆ ಫಾರ್ಮ್ 1, ರಾಷ್ಟ್ರೀಯಕ್ಕೆ ಫಾರ್ಮ್ 2, ಅಂತರ ವಿಶ್ವವಿದ್ಯಾಲಯಕ್ಕೆ ಫಾರ್ಮ್ 3, ರಾಷ್ಟ್ರೀಯ ಶಾಲಾ ಕೂಟಕ್ಕೆ ಫಾರ್ಮ್ 4. ಸಹಿ ಹಾಕುವವರೂ ಬೇರೆ ಬೇರೆ. ಆಡಿದ ವರ್ಷವೇ ಅದನ್ನು ಮಾಡಿಸಿಟ್ಟುಕೊಳ್ಳಿ. ಐದು ವರ್ಷ ಕಳೆದು ಹೋದರೆ ಸೆಕ್ರೆಟರಿ ಬದಲಾಗಿರುತ್ತಾರೆ, ದಾಖಲೆ ಯಾವ ಕಪಾಟಿನಲ್ಲಿದೆಯೋ ಯಾರಿಗೂ ಗೊತ್ತಿರುವುದಿಲ್ಲ.

ರೈಲ್ವೆಯ ಕ್ರೀಡಾ ಕೋಟಾ ಹೇಗೆಂದು ತಿಳಿದರೆ ಈ ಫೈಲಿನ ಬೆಲೆ ಗೊತ್ತಾಗುತ್ತದೆ. ವಯಸ್ಸು 18ರಿಂದ 25, ಅದರಲ್ಲಿ ಯಾರಿಗೂ ಸಡಿಲಿಕೆ ಇಲ್ಲ. ಒಟ್ಟು 100 ಅಂಕ. ಟ್ರಯಲ್ಸಿನಲ್ಲಿ ಆಟಕ್ಕೆ, ಮೈಕಟ್ಟಿಗೆ 40. ಕ್ರೀಡಾ ಸಾಧನೆಗೆ 50. ಓದಿಗೆ 10. ಟ್ರಯಲ್ಸಿನ 40ರಲ್ಲಿ 25 ಬಾರದಿದ್ದರೆ ಮುಂದಕ್ಕೆ ಇಲ್ಲ. ಸಾಧನೆಯೂ ಹತ್ತಿರದ ವರ್ಷಗಳದ್ದೇ ಆಗಬೇಕು, ಎಂಟನೇ ಕ್ಲಾಸಿನ ಕಪ್ಪು ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಡಿಗ್ರಿ ಓದುವ ಮೂರು ವರ್ಷ ಬಹಳ ಬೆಲೆಯದ್ದು. ಆಗ ಯೂನಿವರ್ಸಿಟಿ ತಂಡ, ರಾಜ್ಯದ ಸೀನಿಯರ್ ತಂಡ ಎರಡಕ್ಕೂ ಮೈ ಮುರಿದು ಪ್ರಯತ್ನಿಸು. ನಮ್ಮ ಜಿಲ್ಲೆಯ ಕಾಲೇಜುಗಳು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದವು, ತಂಡದ ಆಯ್ಕೆ ಅಲ್ಲಿಂದಲೇ.

ಟ್ರಯಲ್ಸಿಗೆ ಹಿಂದಿನ ದಿನವೇ ಹೋಗಿ ತಂಗು. ರಾತ್ರಿ ಇಡೀ ರೈಲಿನಲ್ಲಿ ನಿಂತು ಹೋಗಿ ಬೆಳಿಗ್ಗೆ ಜಿಗಿಯಲು ಆಗುವುದಿಲ್ಲ. ಅಲ್ಲಿ ಎಲ್ಲರೂ ಅಂಕ ಹಾಕಿ ತೋರಿಸಲು ನೋಡುತ್ತಾರೆ, ಚೆಂಡು ಸಿಕ್ಕರೆ ಬಿಡುವುದಿಲ್ಲ. ಆಯ್ಕೆ ಮಾಡುವವರು ನೋಡುವುದು ಬೇರೆಯೇ: ಚೆಂಡು ಕಳೆದುಕೊಂಡ ಮೇಲೆ ತಿರುಗಿ ಓಡುತ್ತಾಳಾ, ಡಿಫೆನ್ಸಿನಲ್ಲಿ ಕೂಗಿ ಮಾತಾಡುತ್ತಾಳಾ, ಬಾಕ್ಸ್ ಔಟ್ ಮಾಡುತ್ತಾಳಾ (ರಿಂಗಿಗೆ ತಾಗಿ ಬರುವ ಚೆಂಡಿಗಾಗಿ ಎದುರಾಳಿಯನ್ನು ಬೆನ್ನಿಂದ ತಡೆಯುತ್ತಾಳಾ), ಖಾಲಿ ಇದ್ದವಳಿಗೆ ಪಾಸು ಕೊಡುತ್ತಾಳಾ. ಕನ್ನಡವೋ ಮಲಯಾಳವೋ ತುಳುವೋ, ಬಾಯಿ ಬಿಟ್ಟು ಕೂಗು. ನಮ್ಮ ಹುಡುಗಿಯರು ಒಳ್ಳೆಯ ಡಿಫೆನ್ಸ್ ಆಡಿ ಮೌನವಾಗಿ ಇರುತ್ತಾರೆ, ಜೊತೆಯವಳಿಗೆ ಹಿಂದಿನಿಂದ ಸ್ಕ್ರೀನ್ (ದಾರಿಗೆ ಅಡ್ಡ ನಿಲ್ಲುವ ಎದುರಾಳಿ) ಬರುವುದು ಗೊತ್ತೇ ಆಗುವುದಿಲ್ಲ.

ಕೆಲಸ ಸಿಕ್ಕ ಮೇಲೆ

ಆರ್ಡರ್ ಕೈಗೆ ಬಂದ ದಿನ ಮನೆಯಲ್ಲಿ ಪಾಯಸ ಮಾಡುತ್ತಾರೆ. ಮಾಡಲಿ. ಆದರೆ ಅಲ್ಲಿಗೆ ಆಟ ಮುಗಿಸುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ವೃತ್ತಿಯ ಆಟ ಶುರುವಾಗುವುದೇ ಅಲ್ಲಿಂದ. ಬೆಳಿಗ್ಗೆ ಪ್ರ್ಯಾಕ್ಟೀಸ್, ಸ್ವಲ್ಪ ಹೊತ್ತು ಆಫೀಸು, ಸಂಜೆ ಮತ್ತೆ ಪ್ರ್ಯಾಕ್ಟೀಸ್. ಸೀಸನ್ನಿನಲ್ಲಿ ಕ್ಯಾಂಪ್. ರೈಲ್ವೆ ಮಹಿಳಾ ತಂಡ ದೇಶದಲ್ಲಿ ದಶಕಗಳಿಂದ ಬಲಿಷ್ಠ, ಕೇರಳ ಅದಕ್ಕೆ ಗಟ್ಟಿ ಎದುರಾಳಿ. ಇವೆರಡರ ನಡುವಿನ ಮ್ಯಾಚು ಒಮ್ಮೆಯಾದರೂ ನೋಡು. ಭಾರತದ ಹೆಂಗಸರು 2017ರಲ್ಲಿ ಬೆಂಗಳೂರಿನಲ್ಲಿ ನಡೆದ ಏಷ್ಯಾ ಕಪ್ ಡಿವಿಷನ್ ಬಿ ಗೆದ್ದು ಮೇಲಿನ ಹಂತಕ್ಕೆ ಹೋದರು. ಅಂಥ ಆಟಗಾರ್ತಿಯರಲ್ಲಿ ಹಲವರು ಇಂಥ ಇಲಾಖೆ ತಂಡಗಳಲ್ಲೇ ಬೆಳೆದವರು.

ಮದುವೆ, ಮಗು ಆದ ಮೇಲೆ ಆಟ ಮುಗಿಯಿತು ಅನ್ನುವವರಿಗೆ ಚೆನ್ನೈಯ ಅನಿತಾ ಪಾಲ್‌ದುರೈ ಅವರನ್ನು ತೋರಿಸುತ್ತೇನೆ. ದಕ್ಷಿಣ ರೈಲ್ವೆಯವರು, ಭಾರತ ತಂಡದ ನಾಯಕಿಯಾಗಿದ್ದವರು. ತಾಯಿಯಾದ ಮೇಲೆ ಮತ್ತೆ ಕೋರ್ಟಿಗೆ ಬಂದರು. 2021ರಲ್ಲಿ ಪದ್ಮಶ್ರೀ ಬಂತು. ವಾರಾಣಸಿಯ ಪ್ರಶಾಂತಿ ಸಿಂಗ್ ಅವರಿಗೆ 2019ರಲ್ಲೇ ಪದ್ಮಶ್ರೀ ಬಂದಿತ್ತು. ಈ ಹೆಸರುಗಳನ್ನು ಮನೆಯಲ್ಲಿ ಹೇಳು, ಅಜ್ಜಿಗೂ ಹೇಳು.

ಹೊರದೇಶ

ಅಮೆರಿಕದ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎ 1996ರಲ್ಲಿ ಹುಟ್ಟಿ 1997ರಲ್ಲಿ ಆಟ ಶುರು ಮಾಡಿತು. 2025ರಲ್ಲಿ 13 ತಂಡಗಳು, ತಂಡಕ್ಕೆ ಹೆಚ್ಚೆಂದರೆ 12 ಜನ. ಇಡೀ ಲೋಕಕ್ಕೆ ಸೇರಿ ನೂರೈವತ್ತು ಕುರ್ಚಿ ಅಂತ ಲೆಕ್ಕ ಹಾಕು. ಗೀತು ಅನ್ನ ಜೋಸ್ 2011ರಲ್ಲಿ ಅಲ್ಲಿನ ತಂಡಗಳ ಟ್ರಯಲ್ಸಿಗೆ ಹೋಗಿ ಬಂದರು. ನಮ್ಮ ದೇಶದಲ್ಲಿ ಬೆಳೆದ ಒಬ್ಬಳಿಗೆ ಆ ಬಾಗಿಲ ತನಕ ಹೋಗಲು ಆಯಿತು ಎಂಬುದೇ ಸಣ್ಣ ಮಾತಲ್ಲ. ಅಲ್ಲಿನ ದೊಡ್ಡ ಆಟಗಾರ್ತಿಯರೂ ಸಂಬಳ ಸಾಲದೆ ಚಳಿಗಾಲದಲ್ಲಿ ರಷ್ಯಾ, ಟರ್ಕಿ ಅಂತ ಹೋಗಿ ಆಡುತ್ತಿದ್ದರು. ಡಯಾನಾ ಟೌರಾಸಿ 2015ರಲ್ಲಿ ಡಬ್ಲ್ಯುಎನ್‌ಬಿಎ ಸೀಸನ್ನನ್ನೇ ಬಿಟ್ಟರು. ಆ ಬೇಸಿಗೆ ವಿಶ್ರಾಂತಿ ತೆಗೆದುಕೊಳ್ಳಲು ಅವರ ರಷ್ಯನ್ ಕ್ಲಬ್ಬು ಕೊಟ್ಟ ದುಡ್ಡು ಅಲ್ಲಿ ಆಡಿದರೆ ಸಿಗುವುದಕ್ಕಿಂತ ಜಾಸ್ತಿ ಇತ್ತು.

ನಮಗೆ ಹತ್ತಿರದ ದಾರಿಗಳು ಎರಡು. ಒಂದು, ಆಸ್ಟ್ರೇಲಿಯಾ, ಥಾಯ್ಲೆಂಡಿನಂಥ ಕಡೆಯ ಲೀಗುಗಳು. ಗೀತು ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್ಬಿಗೆ ಆಡಿದರು. ಮುಂದೆ ವಯನಾಡಿನ ಜೀನಾ, ಕೆಎಸ್‌ಇಬಿಯವರು, ಅದೇ ಕ್ಲಬ್ಬಿಗೆ ಹೋದರು. ಇನ್ನೊಂದು, ಅಮೆರಿಕದ ಕಾಲೇಜು ಸ್ಕಾಲರ್‌ಶಿಪ್. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಝೋನಾ ಯೂನಿವರ್ಸಿಟಿಗೆ ಹಾಗೆಯೇ ಹೋದವರು. ಅದಕ್ಕೆ ಒಂಬತ್ತನೇ ಕ್ಲಾಸಿನಿಂದಲೇ ಮಾರ್ಕು ಲೆಕ್ಕಕ್ಕೆ ಬರುತ್ತದೆ, ಇಂಗ್ಲಿಷ್ ಚೆನ್ನಾಗಿರಬೇಕು, ಪೂರ್ತಿ ಮ್ಯಾಚುಗಳ ವಿಡಿಯೋ ಬೇಕು. ಬರೇ ಬುಟ್ಟಿಗೆ ಬಿದ್ದ ಶಾಟ್‌ಗಳನ್ನು ಜೋಡಿಸಿದ ತುಣುಕಷ್ಟೇ ನೋಡಿ ಕೋಚುಗಳು ತೀರ್ಮಾನ ಮಾಡುವುದಿಲ್ಲ.

ಫೋನಿನಲ್ಲಿ ಮೆಸೇಜ್ ಕಳಿಸಿ "ವಿದೇಶದ ಕ್ಲಬ್ಬು ಕೊಡಿಸ್ತೇನೆ, ಮೊದಲು ಇಷ್ಟು ಕಟ್ಟಿ" ಅನ್ನುವವರನ್ನು ದೂರ ಇಡು. ಏಜೆಂಟಿಗೆ ಫೀಬಾ ಲೈಸೆನ್ಸ್ ಇರಬೇಕು, ಅವರ ಪಾಲು ಕ್ಲಬ್ಬಿನಿಂದ ಅಥವಾ ನಿನ್ನ ಸಂಬಳದಿಂದ ಹೋಗುತ್ತದೆ, ನಿನ್ನ ಅಪ್ಪನ ಜೇಬಿನಿಂದಲ್ಲ. ಹದಿನೆಂಟು ತುಂಬುವ ಮೊದಲು ಹೊರದೇಶದ ಕ್ಲಬ್ಬಿಗೆ ವರ್ಗವಾಗಲು ವಿಶೇಷ ಕಾರಣವಿಲ್ಲದೆ ಫೀಬಾ ಬಿಡುವುದಿಲ್ಲ. ಹೋಗುವಾಗ ನಮ್ಮ ಫೆಡರೇಷನ್ನಿನಿಂದ ಲೆಟರ್ ಆಫ್ ಕ್ಲಿಯರೆನ್ಸ್ (ಹೊರಗೆ ಆಡಲು ಅಡ್ಡಿಯಿಲ್ಲ ಎಂಬ ಪತ್ರ), ಇಲಾಖೆಯ ಕೆಲಸದಲ್ಲಿದ್ದರೆ ರಜೆ ಮತ್ತು ಎನ್‌ಒಸಿ ಬೇಕು. ಒಪ್ಪಂದದಲ್ಲಿ ಮನೆ, ಊಟ, ವಿಮಾನ ಟಿಕೆಟ್, ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದ್ದು ಎಂಬುದು ಬರೆದಿರಬೇಕು. ಸಂಬಳ ಕೊಡದ ಕ್ಲಬ್ಬುಗಳ ಮೇಲೆ ದೂರು ಕೇಳಲು ಜಿನೀವಾದಲ್ಲಿ ಬ್ಯಾಟ್ ಎಂಬ ನ್ಯಾಯಮಂಡಳಿ ಇದೆ. ಆದರೆ ಅಲ್ಲಿಗೆ ಹೋಗಬಹುದು ಎಂಬ ಸಾಲು ಒಪ್ಪಂದದಲ್ಲೇ ಇರಬೇಕು. ಸಹಿ ಹಾಕುವ ಮೊದಲು ಹುಡುಕಿ ನೋಡು.

ಮೂರು ಜನರ 3x3 ಆಟವನ್ನೂ ಬಿಡಬೇಡ. ಅರ್ಧ ಕೋರ್ಟು, ಹತ್ತು ನಿಮಿಷ ಅಥವಾ 21 ಅಂಕ, 12 ಸೆಕೆಂಡಿನ ಶಾಟ್ ಕ್ಲಾಕ್. ಟೋಕಿಯೋದಿಂದ ಒಲಿಂಪಿಕ್ಸಿನಲ್ಲೂ ಇದೆ. ಪೂರ್ತಿ ಕೋರ್ಟು, ಹನ್ನೆರಡು ಹುಡುಗಿಯರು ಒಂದೇ ಊರಲ್ಲಿ ಸಿಗುವುದು ನಮ್ಮಲ್ಲಿ ಕಷ್ಟ. ನಾಲ್ಕು ಹುಡುಗಿಯರು, ಒಂದು ರಿಂಗು ಪೆರ್ಲದಲ್ಲೂ ಸಿಗುತ್ತದೆ.

ಆಡಿ ಮುಗಿದ ಮೇಲೆ

ಮೂವತ್ತೈದರ ಹೊತ್ತಿಗೆ ಕಾಲು ಹೇಳುತ್ತದೆ. ಇಲಾಖೆಯ ಕೆಲಸ ಮುಂದುವರಿಯುತ್ತದೆ, ಅದೇ ಈ ದಾರಿಯ ದೊಡ್ಡ ಬಲ. ಕೋಚ್ ಆಗಬೇಕೆಂದಿದ್ದರೆ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಎನ್‌ಐಎಸ್ ಡಿಪ್ಲೊಮಾ ಮಾಡು. ಸಮಯ ಇಲ್ಲದಿದ್ದರೆ ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಶಾಲೆಯಲ್ಲಿ ಪಿಟಿ ಟೀಚರ್ ಆಗುವುದಿದ್ದರೆ ಬಿಪಿಎಡ್. ಆಡುತ್ತಿರುವಾಗಲೇ ರೆಫ್ರಿ ಪರೀಕ್ಷೆ ಬರೆದಿಡು, ನಿಯಮ ಗೊತ್ತಿದ್ದರೆ ಆಟವೂ ಸುಧಾರಿಸುತ್ತದೆ. ಉಪಜಿಲ್ಲಾ ಪಂದ್ಯಗಳಲ್ಲಿ ಹುಡುಗಿಯರ ಮ್ಯಾಚಿಗೂ ಸೀಟಿ ಊದುವವರು ಹೆಚ್ಚಾಗಿ ಗಂಡಸರೇ. ಟೇಬಲಿನಲ್ಲಿ ಸ್ಕೋರ್ ಶೀಟ್ ಬರೆಯಲು ಎಂಟನೇ ಕ್ಲಾಸಿನವಳೂ ಕಲಿಯಬಹುದು, ನನ್ನ ಹುಡುಗಿಯರಿಗೆ ಅಲ್ಲಿಂದಲೇ ಶುರು ಮಾಡಿಸಿದ್ದೇನೆ. ಮುಂದಿನ ಪಂದ್ಯಕ್ಕೆ ನಿಮ್ಮ ಶಾಲೆಯ ಪಿಟಿ ಟೀಚರಲ್ಲಿ ಕೇಳಿ ಒಂದು ಶೀಟ್ ತೆಗೆದುಕೊಂಡು ಕೂರು.